ಬೈಕಿನ ಕನ್ನಡಿಯಲ್ಲಿ ಲಾರಿ ದೂರ ಕಂಡದ್ದೇಕೆ?

ಪ್ರಶ್ನೆ: ಕಳೆದ ತಿಂಗಳು ರಾಣೆಬೆನ್ನೂರಿನಿಂದ ಹಾವೇರಿಗೆ ಬೈಕಿನ ಮೇಲೆ ಬರುತ್ತಿದ್ದೆ. ಮುಂದಿದ್ದ ಟ್ರ್ಯಾಕ್ಟರನ್ನು ದಾಟಬೇಕೆಂದು ಬಲಗಡೆಯ ಕನ್ನಡಿ ನೋಡಿದೆ; ಹಿಂದಿನ ಲಾರಿ ಬಹಳ ದೂರದಲ್ಲಿ ಕಂಡಿತು. ಬಲಕ್ಕೆ ಹೊರಳಿದೆನೋ ಇಲ್ಲವೋ, ಅದರ ಹಾರ್ನ್ ಕಿವಿಯ ಪಕ್ಕದಲ್ಲೇ ಕೇಳಿತು. ದೇವರ ದಯೆಯಿಂದ ಉಳಿದುಕೊಂಡೆ. ಕಟಿಂಗ್ ಅಂಗಡಿಯ ಕನ್ನಡಿ ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತದೆ, ಹಲ್ಲಿನ ಡಾಕ್ಟರ ಕೈಯಲ್ಲಿನ ಕನ್ನಡಿ ದೊಡ್ಡದು ಮಾಡಿ ತೋರಿಸುತ್ತದೆ, ಬೈಕಿನದು ಸಣ್ಣದು ಮಾಡಿ ತೋರಿಸುತ್ತದೆ. ಇದು ಗಾಜಿನ ಗುಣವೋ, ಹಿಂದೆ ಬಳಿದ ರಸದ ಗುಣವೋ, ಅಥವಾ ಒಂದೊಂದು ಕನ್ನಡಿಯಲ್ಲಿ ಬೆಳಕು ಒಂದೊಂದು ನಿಯಮದಂತೆ ನಡೆಯುತ್ತದೆಯೋ? ಬೈಕಿನ ಕನ್ನಡಿ ತೆಗೆಸಿ, ಅದೇ ಅಳತೆಯ ಸಾದಾ ಕನ್ನಡಿ ಕತ್ತರಿಸಿ ಕೂಡಿಸಿಕೊಂಡರೆ ಆದೀತೆ? (ಹಾವೇರಿಯ ಓದುಗರೊಬ್ಬರು)

ಉತ್ತರ: ನೀವು ಉಳಿದುಕೊಂಡಿರಿ ಎಂಬುದನ್ನು ಓದಿ ಸಮಾಧಾನವಾಯಿತು. ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಕಲಿಸಿದ ನಾನು ಈ ಪ್ರಶ್ನೆಯನ್ನು ಪರೀಕ್ಷೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಒಬ್ಬರ ಜೀವಕ್ಕೆ ತಾಗಿದ ಪ್ರಶ್ನೆಯಾಗಿ ಅದು ನನ್ನ ಮುಂದೆ ಬಂದದ್ದು ಇದೇ ಮೊದಲು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಬೆಳಕಿಗೆ ನಿಯಮ ಒಂದೇ. ಯಾವ ಕನ್ನಡಿಗೂ ಅದು ಬದಲಾಗುವುದಿಲ್ಲ. ಹಿಂದೆ ಬಳಿದ ರಸವು ಎಷ್ಟು ಬೆಳಕು ಮರಳಬೇಕು ಎಂಬುದನ್ನು ನಿರ್ಧರಿಸುತ್ತದೆ, ಕನ್ನಡಿಯ ಮೈಯ ಆಕಾರವು ಆ ಬೆಳಕು ಯಾವ ದಿಕ್ಕಿಗೆ ಮರಳಬೇಕು ಎಂಬುದನ್ನು ನಿರ್ಧರಿಸುತ್ತದೆ, ಗಾಜು ಬಹುಮಟ್ಟಿಗೆ ಆ ರಸವನ್ನು ಹಿಡಿದುಕೊಂಡಿರುವ ಆಧಾರ ಮಾತ್ರ. ಸಣ್ಣದು, ದೊಡ್ಡದು, ತಲೆಕೆಳಗು ಎಂದು ನಾವು ಹೇಳುವುದೆಲ್ಲ ಆಕಾರದಿಂದ ಹುಟ್ಟಿದ್ದು.

ನಿಯಮ ಇಷ್ಟೇ: ಬೆಳಕಿನ ಕಿರಣವು ಕನ್ನಡಿಯ ಯಾವ ಬಿಂದುವಿಗೆ ಬಡಿಯುತ್ತದೆಯೋ, ಆ ಬಿಂದುವಿನಲ್ಲಿ ಮೈಗೆ ನೆಟ್ಟಗೆ ಒಂದು ಕಡ್ಡಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಪುಸ್ತಕದಲ್ಲಿ ಇದಕ್ಕೆ ಲಂಬ ಎನ್ನುತ್ತಾರೆ. ಬರುವ ಕಿರಣ ಈ ಕಡ್ಡಿಯಿಂದ ಒಂದು ಬದಿಗೆ ಎಷ್ಟು ಓರೆಯಾಗಿರುತ್ತದೆಯೋ, ಮರಳುವ ಕಿರಣ ಇನ್ನೊಂದು ಬದಿಗೆ ಅಷ್ಟೇ ಓರೆಯಾಗಿ ಹೋಗುತ್ತದೆ, ಮತ್ತು ಎರಡೂ ಕಿರಣಗಳು, ಕಡ್ಡಿ ಒಂದೇ ಸಮತಲದಲ್ಲಿರುತ್ತವೆ. ಕೇರಂ ಆಡುವವರಿಗೆ ಇದು ಕೈಯಲ್ಲೇ ಇರುವ ಜ್ಞಾನ: ಸ್ಟ್ರೈಕರನ್ನು ಅಂಚಿಗೆ ಹೊಡೆದು ಪಾನ್ ಬೀಳಿಸುವವರು ಪತನ ಕೋನ, ಪ್ರತಿಫಲನ ಕೋನ ಎಂಬ ಹೆಸರು ಹೇಳದೆಯೇ ಅವೆರಡನ್ನೂ ಸಮ ಮಾಡುತ್ತಾರೆ. ಬಿಳಿ ಗೋಡೆಯೂ ಇದೇ ನಿಯಮದಂತೆ ನಡೆಯುತ್ತದೆ. ಆದರೆ ಗೋಡೆಯ ಮೈ ಒರಟು. ಒಂದೊಂದು ಸುಣ್ಣದ ಕಣದ ಮೇಲೆ ನಿಂತ ಲಂಬವೂ ಒಂದೊಂದು ದಿಕ್ಕಿಗೆ ವಾಲಿರುವುದರಿಂದ ಬೆಳಕು ಎಲ್ಲ ಕಡೆಗೂ ಚೆದುರುತ್ತದೆ ಮತ್ತು ಅದರಲ್ಲಿ ಮುಖ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಮೈಯ ಏರುತಗ್ಗುಗಳು ಇದಕ್ಕಿಂತ ಬಹಳ ಸಣ್ಣದಾದಾಗ ಮಾತ್ರ ಅದು ಕನ್ನಡಿಯಾಗುತ್ತದೆ.

ಹಾಗಾದರೆ ಕನ್ನಡಿಯನ್ನು ಅರ್ಥ ಮಾಡಿಕೊಳ್ಳುವುದೆಂದರೆ, ಅದರ ಮೈಮೇಲೆ ಈ ಲಂಬಗಳು ಒಂದಕ್ಕೊಂದು ಹೇಗೆ ನಿಂತಿವೆ ಎಂದು ನೋಡುವುದು. ಇದಕ್ಕೆ ಎರಡು ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಒಂದು ಹಣಿಗೆ, ಇನ್ನೊಂದು ಚಕ್ಕಡಿಯ ಗಾಲಿ. ಹಣಿಗೆಯ ಹಲ್ಲುಗಳು ಒಂದಕ್ಕೊಂದು ಸಮಾಂತರ. ಸಮತಲ ಕನ್ನಡಿಯ ಲಂಬಗಳು ಹಾಗೆ. ಗಾಲಿಯ ಅರಗಳು ನಡುವಿನ ಕುಂಭದಿಂದ ಸುತ್ತಿನ ಬಳೆಯ ಕಡೆಗೆ ಹೋಗುತ್ತ ಒಂದರಿಂದೊಂದು ದೂರವಾಗುತ್ತವೆ. ಆ ಬಳೆಯ ಹೊರಮೈ ಹೊಳೆಯುವಂತಿದ್ದರೆ ಅದೇ ಪೀನ ದರ್ಪಣ, ಅಂದರೆ ಉಬ್ಬುಗನ್ನಡಿ. ಅದರ ಲಂಬಗಳು ಹೊರಕ್ಕೆ ಹೋದಂತೆ ಅಗಲುತ್ತವೆ. ಬಳೆಯ ಒಳಮೈ ಹೊಳೆಯುವಂತಿದ್ದರೆ ಅದು ನಿಮ್ನ ದರ್ಪಣ, ತಗ್ಗುಗನ್ನಡಿ; ಅದರ ಲಂಬಗಳೆಲ್ಲ ಕುಂಭದಲ್ಲಿ, ಅಂದರೆ ವಕ್ರತಾ ಕೇಂದ್ರದಲ್ಲಿ ಕೂಡುತ್ತವೆ. ಇನ್ನು ಮುಂದೆ ಹೇಳುವುದೆಲ್ಲ ಈ ಹಣಿಗೆ ಮತ್ತು ಗಾಲಿಯಿಂದಲೇ ಹೊರಡುತ್ತದೆ.

ಕಟಿಂಗ್ ಅಂಗಡಿಯ ಕನ್ನಡಿಯಿಂದ ತೊಡಗೋಣ. ನಿಮ್ಮ ಮೂಗಿನ ತುದಿಯಿಂದ ಹೊರಟ ಕಿರಣಗಳು ಅಗಲುತ್ತ ಹೋಗಿ ಕನ್ನಡಿಗೆ ಬಡಿಯುತ್ತವೆ. ಲಂಬಗಳು ಸಮಾಂತರವಾಗಿರುವುದರಿಂದ ಮರಳುವಾಗಲೂ ಅವು ಮೊದಲಿನಷ್ಟೇ ವೇಗದಲ್ಲಿ ಅಗಲುತ್ತವೆ. ಕಣ್ಣಿಗೆ ಅವು ಕನ್ನಡಿಯ ಹಿಂದೆ, ಮೂಗು ಮುಂದೆ ಎಷ್ಟು ದೂರವಿದೆಯೋ ಅಷ್ಟೇ ದೂರದ ಒಂದು ಬಿಂದುವಿನಿಂದ ಬಂದಂತೆ ತೋರುತ್ತವೆ. ಅಲ್ಲಿ ನಿಜವಾಗಿ ಗೋಡೆಯಿದೆ, ಬೆಳಕಿಲ್ಲ. ಕನ್ನಡಿಯೊಳಗಿನ ಗಂಟು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ, ಪಠ್ಯಪುಸ್ತಕ ಮಿಥ್ಯ ಪ್ರತಿಬಿಂಬ ಎನ್ನುವುದೂ ಇದನ್ನೇ. ಆ ಜಾಗದಲ್ಲಿ ಹಾಳೆ ಹಿಡಿದರೆ ಅದರ ಮೇಲೆ ಏನೂ ಮೂಡುವುದಿಲ್ಲ. ಸಮತಲ ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆ ಎಂದು ಕಲಿಸುವ ರೂಢಿ ಇದೆ, ನಾನೂ ಹಾಗೆಯೇ ಕಲಿಸುತ್ತಿದ್ದೆ, ಆದರೆ ಆ ಮಾತು ಅಷ್ಟು ಸರಿಯಲ್ಲ. ನಿಮ್ಮ ಬಲಗೈ ಕನ್ನಡಿಯಲ್ಲೂ ಬಲಗೈಯ ಎದುರಿಗೇ ಇರುತ್ತದೆ, ತಲೆ ಮೇಲೆಯೇ ಇರುತ್ತದೆ. ಕನ್ನಡಿ ತಿರುಗಿಸುವುದು ಮುಂದು ಹಿಂದನ್ನು ಮಾತ್ರ. ಎದುರಿಗಿರುವವನು ನಮ್ಮಂತೆಯೇ ಒಬ್ಬ ಮನುಷ್ಯ ಈ ಕಡೆ ತಿರುಗಿ ನಿಂತಿದ್ದಾನೆ ಎಂದು ನಾವು ಭಾವಿಸಿಕೊಳ್ಳುವುದರಿಂದ ಎಡಬಲ ಬದಲಾದಂತೆ ಅನಿಸುತ್ತದೆ.

ಇನ್ನು ನಿಮ್ಮ ಬೈಕಿನ ಕನ್ನಡಿ. ಇದು ಗಾಲಿಯ ಹೊರಮೈ. ಲಾರಿಯಿಂದ ಬಂದ ಕಿರಣಗಳು ಇದಕ್ಕೆ ಬಡಿದಾಗ, ಲಂಬಗಳೇ ಅಗಲಿ ನಿಂತಿರುವುದರಿಂದ, ಮರಳುವ ಕಿರಣಗಳು ಇನ್ನಷ್ಟು ಅಗಲುತ್ತವೆ. ಅವುಗಳನ್ನು ಹಿಂದಕ್ಕೆ ಎಳೆದರೆ ಕನ್ನಡಿಯ ಹಿಂದೆ ಬಹಳ ಹತ್ತಿರದಲ್ಲೇ ಕೂಡುತ್ತವೆ. ಅಂಕಿಗಳಲ್ಲಿ ನೋಡಿದರೆ ನಿಮಗೆ ಆದದ್ದು ಸ್ಪಷ್ಟವಾಗುತ್ತದೆ. ಕನ್ನಡಿಯ ವಕ್ರತಾ ತ್ರಿಜ್ಯ, ಅಂದರೆ ಗಾಲಿಯ ಕುಂಭದಿಂದ ಬಳೆಗಿರುವ ದೂರ, 1.2 ಮೀಟರ್ ಎಂದಿಟ್ಟುಕೊಳ್ಳೋಣ. ಬಹು ದೂರದ ವಸ್ತುವಿನ ಕಿರಣಗಳು ಕನ್ನಡಿಗೆ ಬಡಿದ ಮೇಲೆ ಕೂಡುವ, ಅಥವಾ ಕೂಡಿದಂತೆ ತೋರುವ ಬಿಂದುವೇ ಸಂಗಮ; ಕನ್ನಡಿಯಿಂದ ಅದಕ್ಕಿರುವ ಸಂಗಮ ದೂರ ತ್ರಿಜ್ಯದ ಅರ್ಧ, 0.6 ಮೀಟರ್. ಹಿಂದಿನ ಲಾರಿ 3 ಮೀಟರ್ ಎತ್ತರದ್ದು, ಕನ್ನಡಿಯಿಂದ 30 ಮೀಟರ್ ದೂರದಲ್ಲಿದೆ. ದರ್ಪಣ ಸೂತ್ರದಂತೆ ಅದರ ಪ್ರತಿಬಿಂಬ ಕನ್ನಡಿಯ ಹಿಂದೆ ಸುಮಾರು 59 ಸೆಂಟಿಮೀಟರ್ ದೂರದಲ್ಲಿ, ಕೇವಲ 6 ಸೆಂಟಿಮೀಟರ್ ಎತ್ತರವಾಗಿ ನಿಲ್ಲುತ್ತದೆ. ನಿಮ್ಮ ಕಣ್ಣು ಕನ್ನಡಿಯಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ, ಆ ಪುಟ್ಟ ಲಾರಿ ಕಣ್ಣಿನಿಂದ 1.29 ಮೀಟರ್ ದೂರದಲ್ಲಿರುತ್ತದೆ. ಅಷ್ಟು ದೂರದ 6 ಸೆಂಟಿಮೀಟರ್ ಲಾರಿ ಕಣ್ಣಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆಯೋ, ರಸ್ತೆಯ ಮೇಲಿನ ನಿಜವಾದ ಲಾರಿ ಅಷ್ಟೇ ಜಾಗ ಹಿಡಿಯಬೇಕಾದರೆ ಅದು ಸುಮಾರು 65 ಮೀಟರ್ ದೂರದಲ್ಲಿರಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪ್ರತಿಬಿಂಬ ನಿಜಕ್ಕೂ ದೂರದಲ್ಲಿಲ್ಲ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದೆ. ಆದರೆ ವಾಹನಗಳ ವಿಷಯದಲ್ಲಿ ನಮ್ಮ ಮಿದುಳು ದೂರವನ್ನು ಅಳೆಯುವುದು ಗಾತ್ರದಿಂದ. ಲಾರಿ ಎಷ್ಟು ದೊಡ್ಡದಿರುತ್ತದೆ ಎಂಬುದು ಅದಕ್ಕೆ ಗೊತ್ತು, ಆದ್ದರಿಂದ ಸಣ್ಣದಾಗಿ ಕಂಡ ಲಾರಿಯನ್ನು ದೂರದ ಲಾರಿ ಎಂದು ಓದಿಕೊಳ್ಳುತ್ತದೆ. ಲಾರಿ ನಿಮಗಿಂತ ಗಂಟೆಗೆ 36 ಕಿಲೋಮೀಟರ್ ಹೆಚ್ಚು ವೇಗದಲ್ಲಿದ್ದರೆ ಸೆಕೆಂಡಿಗೆ 10 ಮೀಟರ್ ಹತ್ತಿರ ಬರುತ್ತದೆ. ಆರೂವರೆ ಸೆಕೆಂಡು ಸಮಯವಿದೆ ಎಂದು ನೀವು ಹೊರಳಿದಿರಿ, ಇದ್ದದ್ದು ಮೂರು ಸೆಕೆಂಡು. ಕಾರಿನ ಎಡಗನ್ನಡಿಯ ಮೇಲೆ, ಕನ್ನಡಿಯಲ್ಲಿ ಕಾಣುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂದು ಇಂಗ್ಲಿಷಿನಲ್ಲಿ ಬರೆದಿರುವುದನ್ನು ನೀವು ನೋಡಿರಬಹುದು. ಆ ಸಾಲು ಕನ್ನಡದಲ್ಲಿ, ಬೈಕಿನ ಕನ್ನಡಿಗಳ ಮೇಲೂ ಇರಬೇಕೆಂಬುದು ನನ್ನ ಬಹುದಿನದ ಆಸೆ. ಓದಿ ತಿಳಿಯಬೇಕಾದವರಲ್ಲಿ ಬಹುಮಂದಿ ಓಡಿಸುವುದು ಬೈಕನ್ನೇ.

ಇಷ್ಟು ಮೋಸ ಮಾಡುವ ಕನ್ನಡಿಯನ್ನು ಏಕೆ ಹಾಕುತ್ತಾರೆ? ಅದು ಗಾತ್ರದಲ್ಲಿ ಕಳೆದದ್ದನ್ನು ಅಗಲದಲ್ಲಿ ಕೊಡುತ್ತದೆ. 10 ಸೆಂಟಿಮೀಟರ್ ಅಗಲದ ಸಮತಲ ಕನ್ನಡಿಯಲ್ಲಿ, 70 ಸೆಂಟಿಮೀಟರ್ ದೂರದ ಕಣ್ಣಿಗೆ ಕಾಣುವುದು ಸುಮಾರು 8 ಡಿಗ್ರಿಯಷ್ಟು ಹರವು. ನಾವು ಲೆಕ್ಕ ಹಾಕಿದ ಉಬ್ಬುಗನ್ನಡಿಯಲ್ಲಿ 17 ಡಿಗ್ರಿಗೂ ಹೆಚ್ಚು. ಹಿಂದೆ 10 ಮೀಟರ್ ದೂರದಲ್ಲಿ ಸಮತಲ ಕನ್ನಡಿ ತೋರಿಸುವುದು ಒಂದೂವರೆ ಮೀಟರ್ ಅಗಲದ ಪಟ್ಟಿಯನ್ನು, ಉಬ್ಬುಗನ್ನಡಿ ತೋರಿಸುವುದು ಮೂರು ಮೀಟರಿಗೂ ಮಿಕ್ಕಿದ್ದನ್ನು. ಹೆದ್ದಾರಿಯ ಒಂದು ಪಥದ ಅಗಲ 3.5 ಮೀಟರ್. ಅಂದರೆ ಪಕ್ಕದ ಪಥದಲ್ಲಿ ಬರುವ ಬೈಕು ಸಮತಲ ಕನ್ನಡಿಯಲ್ಲಿ ಕಾಣದೆಯೇ ಉಳಿಯಬಹುದು, ಉಬ್ಬುಗನ್ನಡಿಯಲ್ಲಿ ಸಣ್ಣದಾಗಿಯಾದರೂ ಕಾಣುತ್ತದೆ. ಓಣಿಯ ಮೂಲೆಗಳಲ್ಲಿ, ಘಾಟಿನ ತಿರುವುಗಳಲ್ಲಿ ಕಂಬಕ್ಕೆ ಕಟ್ಟಿದ ದೊಡ್ಡ ದುಂಡು ಕನ್ನಡಿಗಳೂ ಈ ಕಾರಣಕ್ಕಾಗಿಯೇ ಉಬ್ಬಿರುತ್ತವೆ.

ಗಾಲಿಯ ಒಳಮೈಗೆ ಬರೋಣ. ನನ್ನ ಮಟ್ಟಿಗೆ ಕನ್ನಡಿಗಳಲ್ಲೆಲ್ಲ ಹೆಚ್ಚು ಸೊಗಸಾದದ್ದು ಇದು, ಏಕೆಂದರೆ ವಸ್ತು ಎಲ್ಲಿದೆ ಎಂಬುದನ್ನು ನೋಡಿ ಇದು ತನ್ನ ಉತ್ತರವನ್ನೇ ಬದಲಾಯಿಸುತ್ತದೆ. ಅಡಿಗೆಮನೆಯಿಂದ ಹೊಸ ಸ್ಟೀಲ್ ಸೌಟೊಂದನ್ನು ತಂದು ಅದರ ಒಳಮೈಯನ್ನು ಮುಖದ ಎದುರಿಗೆ ಹಿಡಿಯಿರಿ. ಮುಖ ಪುಟ್ಟದಾಗಿ, ತಲೆಕೆಳಗಾಗಿ ಕಾಣುತ್ತದೆ. ಸೌಟಿನ ವಕ್ರತಾ ತ್ರಿಜ್ಯ 4 ಸೆಂಟಿಮೀಟರ್ ಇದ್ದರೆ ಸಂಗಮ ದೂರ 2 ಸೆಂಟಿಮೀಟರ್. 30 ಸೆಂಟಿಮೀಟರ್ ದೂರದ ಮುಖದ ಪ್ರತಿಬಿಂಬ ಸೌಟಿನ ತಳದಿಂದ ಸುಮಾರು 2.1 ಸೆಂಟಿಮೀಟರ್ ಈಚೆಗೆ, ಸೌಟಿನ ಬಾಯಿಯೊಳಗಿನ ಗಾಳಿಯಲ್ಲಿ, ಒಂದೂವರೆ ಸೆಂಟಿಮೀಟರ್ ಎತ್ತರವಾಗಿ ತೂಗುತ್ತಿರುತ್ತದೆ. ಅದು ಸೌಟಿನ ಹಿಂದೆ ಇದೆ ಎಂದು ಅನೇಕರು ತಿಳಿಯುತ್ತಾರೆ, ಹಾಗಿಲ್ಲ. ಕಿರಣಗಳು ನಿಜವಾಗಿಯೂ ಅಲ್ಲಿ ಒಂದುಗೂಡಿ, ದಾಟಿ, ಮೇಲಿನವು ಕೆಳಕ್ಕೂ ಕೆಳಗಿನವು ಮೇಲಕ್ಕೂ ಹೋಗಿ ಕಣ್ಣು ಸೇರುತ್ತವೆ. ಈಗ ಕಿರುಬೆರಳನ್ನು ಸೌಟಿನ ತಳದ ಕಡೆಗೆ ಮೆಲ್ಲನೆ ತನ್ನಿ. ತಳದಿಂದ 2 ಸೆಂಟಿಮೀಟರಿನ ಒಳಗೆ ಬಂದೊಡನೆ ಬೆರಳಿನ ಪ್ರತಿಬಿಂಬ ನೆಟ್ಟಗಾಗಿ, ಬೆರಳಿಗಿಂತ ದಪ್ಪವಾಗಿ ಕಾಣುತ್ತದೆ.

ಈ ಸತ್ಯ ಪ್ರತಿಬಿಂಬವನ್ನು ಹಾಳೆಯ ಮೇಲೆ ಹಿಡಿಯಬಹುದು. ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲ ವರ್ಷದ ಮಕ್ಕಳಿಗೆ ನಾನು ಮಾಡಿಸುತ್ತಿದ್ದ ಮೊದಲ ಪ್ರಯೋಗ ಇದು: ಕಿಟಕಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಿ, ತೆರೆದ ಕಿಟಕಿಯ ಕಡೆಗೆ ನಿಮ್ನ ದರ್ಪಣ ಹಿಡಿದು, ಅದರ ಮುಂದೆ ಸ್ವಲ್ಪ ಪಕ್ಕಕ್ಕೆ ಒಂದು ಬಿಳಿ ಹಾಳೆಯನ್ನು ಹಿಂದೆ ಮುಂದೆ ಸರಿಸುವುದು. ಒಂದು ನಿರ್ದಿಷ್ಟ ದೂರದಲ್ಲಿ ಹೊರಗಿನ ಹುಣಸೆಮರ ಹಸಿರು ಬಣ್ಣದ ಸಮೇತ ತಲೆಕೆಳಗಾಗಿ ಹಾಳೆಯ ಮೇಲೆ ಮೂಡುತ್ತಿತ್ತು. ಒಂದು ಸಲ ಆ ಅಂಗೈಯಗಲದ ಮರದಲ್ಲಿ ಕಾಗೆಯೊಂದು ಕೊಂಬೆಗೆ ಜೋತುಬಿದ್ದಂತೆ ಕುಪ್ಪಳಿಸುವುದನ್ನು ಕಂಡ ಹುಡುಗಿಯೊಬ್ಬಳು ಹಾಳೆಯನ್ನು ಕೈಬಿಟ್ಟು ಕಿಟಕಿಯ ಹತ್ತಿರ ಓಡಿಹೋಗಿ ನಿಜವಾದ ಕಾಗೆಯನ್ನು ನೋಡಿ ಬಂದಳು. ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಎಂಬ ಮಾತಿಗೆ ನಿಮ್ನ ದರ್ಪಣ ಒಂದು ಅಪವಾದ. ಮರದಂಥ ದೂರದ ವಸ್ತುವಿಗೆ ಹಾಳೆಯಿಂದ ಕನ್ನಡಿಗಿರುವ ಆ ದೂರವೇ ಸಂಗಮ ದೂರ. ಮನೆಯಲ್ಲಿ ಗಡ್ಡ ಮಾಡಿಕೊಳ್ಳುವ ತಗ್ಗುಗನ್ನಡಿ ಇದ್ದರೆ ನೀವೂ ಮಾಡಿ ನೋಡಿ, ಆದರೆ ಸೂರ್ಯನ ಕಡೆಗೆ ಅದನ್ನು ಎಂದೂ ಹಿಡಿಯಬೇಡಿ. ಆ ಬಿಂದುವಿನಲ್ಲಿ ಹಾಳೆ ಹೊತ್ತಿಕೊಳ್ಳುತ್ತದೆ, ಕಣ್ಣಿಗಂತೂ ಅದು ಅಪಾಯ.

ಅದೇ ಗಡ್ಡದ ಕನ್ನಡಿಯ ಸಂಗಮ ದೂರ 40 ಸೆಂಟಿಮೀಟರ್ ಇದ್ದರೆ, 20 ಸೆಂಟಿಮೀಟರ್ ದೂರದ ಮುಖ ಎರಡು ಪಟ್ಟು ದೊಡ್ಡದಾಗಿ, 30 ಸೆಂಟಿಮೀಟರ್ ದೂರದ್ದು ನಾಲ್ಕು ಪಟ್ಟು ದೊಡ್ಡದಾಗಿ ನೆಟ್ಟಗೆ ಕಾಣುತ್ತದೆ. 40 ದಾಟಿದ ಮೇಲೆ ಎಲ್ಲವೂ ಮಸಕು, ಏಕೆಂದರೆ ಪ್ರತಿಬಿಂಬವು ನಿಮ್ಮ ತಲೆಯ ಹಿಂದೆ ಹೋಗಿ ನಿಲ್ಲುತ್ತದೆ. 80 ಸೆಂಟಿಮೀಟರ್ ದಾಟಿ ಇನ್ನಷ್ಟು ಹಿಂದೆ ಸರಿದಾಗ ತಲೆಕೆಳಗಾದ ಮುಖ ತಿಳಿಯಾಗಿ ಕಾಣತೊಡಗುತ್ತದೆ. ಹಲ್ಲಿನ ಡಾಕ್ಟರು ಬಳಸುವ ಕನ್ನಡಿಯ ಬಗ್ಗೆ ಒಂದು ತಿದ್ದುಪಡಿ: ಅವೆಲ್ಲ ನಿಮ್ನ ದರ್ಪಣಗಳಲ್ಲ. ಹಲ್ಲನ್ನು ದೊಡ್ಡದಾಗಿ ನೋಡಬೇಕಾದಾಗ ನಿಮ್ನ ದರ್ಪಣ ಬಳಸುತ್ತಾರೆ, ಆಗ ಹಲ್ಲು ಸಂಗಮ ದೂರಕ್ಕಿಂತ ಒಳಗಿರುತ್ತದೆ. ಅಳತೆ ಕೆಡದೆ ಸ್ಪಷ್ಟವಾಗಿ ನೋಡಬೇಕಾದಾಗ ಸಮತಲ ಕನ್ನಡಿಯನ್ನೇ ಬಳಸುತ್ತಾರೆ, ಮತ್ತು ಒಳ್ಳೆಯವುಗಳಲ್ಲಿ ಲೋಹದ ಲೇಪ ಗಾಜಿನ ಹಿಂದೆ ಇರದೆ ಮುಂದೆಯೇ ಇರುತ್ತದೆ.

ಇದು ನಿಮ್ಮ ರಸದ ಪ್ರಶ್ನೆಗೆ ದಾರಿ ಮಾಡಿತು. ಹಳೆಯ ಕಾಲದಲ್ಲಿ ಗಾಜಿನ ಹಿಂದೆ ತವರ ಮತ್ತು ಪಾದರಸದ ಮಿಶ್ರಣವನ್ನೇ ಹಚ್ಚುತ್ತಿದ್ದರು. ರಸ ಎಂಬ ಮಾತು ಆಗಿನದು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ ಗಾಜಿನ ಮೇಲೆ ದ್ರಾವಣದಿಂದ ಬೆಳ್ಳಿಯ ತೆಳುಪದರ ಕೂಡಿಸುವ ವಿಧಾನ ಕಂಡುಹಿಡಿದ ಮೇಲೆ ಪಾದರಸ ಹಿಂದೆ ಸರಿಯಿತು, ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು. ಇಂದಿನ ಕನ್ನಡಿಗಳಲ್ಲಿ ಇರುವುದು ಬೆಳ್ಳಿ ಅಥವಾ ಅಲ್ಯುಮಿನಿಯಂ. ಕಾಣುವ ಬೆಳಕಿನಲ್ಲಿ ಬೆಳ್ಳಿ ಸುಮಾರು ನೂರಕ್ಕೆ 95ರಷ್ಟನ್ನು, ಅಲ್ಯುಮಿನಿಯಂ ನೂರಕ್ಕೆ 90ರ ಆಸುಪಾಸಿನಷ್ಟನ್ನು ಮರಳಿಸುತ್ತದೆ. ಕಟಿಂಗ್ ಅಂಗಡಿಯಲ್ಲಿ ಎದುರುಬದುರಾಗಿ ಕನ್ನಡಿಗಳಿದ್ದರೆ ಸಾಲುಸಾಲಾಗಿ ಕಾಣುವ ಮುಖಗಳು ಒಳಗೆ ಹೋದಂತೆ ಕಪ್ಪಾಗುತ್ತ, ತುಸು ಹಸಿರಾಗುತ್ತ ಹೋಗುವುದು ಇದರಿಂದಲೇ: ಪ್ರತಿ ಸಲವೂ ಸ್ವಲ್ಪ ಬೆಳಕು ಕಳೆಯುತ್ತದೆ, ಮತ್ತು ಗಾಜಿನಲ್ಲಿರುವ ಕಬ್ಬಿಣದ ಅಂಶ ಕೆಂಪನ್ನು ಹೆಚ್ಚು ನುಂಗುತ್ತದೆ. ಗಾಜಿನ ಮುಂಭಾಗವೂ ತಾನೇ ನೂರಕ್ಕೆ 4ರಷ್ಟು ಬೆಳಕನ್ನು ಮರಳಿಸುತ್ತದೆ. ಕಾರಿನೊಳಗಿನ ಕನ್ನಡಿಯ ಕೆಳಗಿನ ಪುಟ್ಟ ಹಿಡಿಯನ್ನು ರಾತ್ರಿ ಒತ್ತಿದಾಗ ಹಿಂದಿನ ಲಾರಿಯ ಬೆಳಕು ಮಂಕಾಗುವುದು ಈ 4ರಿಂದ. ಆ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಿಡಿ ಒತ್ತಿದಾಗ ರಸದಿಂದ ಬರುವ ಕಣ್ಣುಕುಕ್ಕುವ ಬೆಳಕು ಕಾರಿನ ಚಾವಣಿಯ ಕಡೆಗೆ ಹೋಗಿ, ಗಾಜಿನ ಮುಂಭಾಗದ ಸಣ್ಣ ಪಾಲು ಮಾತ್ರ ಕಣ್ಣಿಗೆ ಬರುತ್ತದೆ.

ಹೆಡ್‌ಲೈಟಿನ ಒಳಗಿನ ಹೊಳೆಯುವ ಬಟ್ಟಲನ್ನು ನೀವು ಕೇಳಿಲ್ಲ, ಆದರೂ ರಾತ್ರಿ ಹೆದ್ದಾರಿಯಲ್ಲಿ ಹೋಗುವವರು ಅದನ್ನು ತಿಳಿದಿರಬೇಕು. ನಿಮ್ನ ದರ್ಪಣದ ಸಂಗಮದಲ್ಲಿ ದೀಪವಿಟ್ಟರೆ ಕಿರಣಗಳು ಸಮಾಂತರವಾಗಿ ಹೊರಡಬೇಕು. ಗೋಲದ ಆಕಾರದ ಬಟ್ಟಲಿನಲ್ಲಿ ಇದು ನಡುಭಾಗಕ್ಕೆ ಮಾತ್ರ ನಿಜ, ಅಂಚಿಗೆ ಬಡಿದ ಕಿರಣಗಳು ದಾರಿ ತಪ್ಪುತ್ತವೆ. ಗೋಲದ ಈ ದೋಷವನ್ನು ನೀವು ನಿತ್ಯ ನೋಡುತ್ತೀರಿ: ಓರೆ ಬಿಸಿಲಿನಲ್ಲಿ ಹಾಲು ತುಂಬಿದ ಸ್ಟೀಲ್ ಲೋಟ ಇಟ್ಟರೆ, ಹಾಲಿನ ಮೇಲೆ ನಡುವೆ ಚೂಪಾದ, ಎರಡು ಬದಿಗೆ ಬಾಗಿದ ಹೊಳೆಯುವ ಗೆರೆಯೊಂದು ಬೀಳುತ್ತದೆ. ಕಿರಣಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಲಾರದೆ ಆ ಗೆರೆಯುದ್ದಕ್ಕೂ ಕೂಡಿರುತ್ತವೆ. ಇದನ್ನು ತಪ್ಪಿಸಲು ಹೆಡ್‌ಲೈಟಿಗೆ, ಡಿಶ್ ಆಂಟೆನಾಕ್ಕೆ, ದೂರದರ್ಶಕಕ್ಕೆ ಪರವಲಯದ (ಪ್ಯಾರಾಬೋಲದ) ಆಕಾರ, ಅಂದರೆ ಅಂಚಿನ ಕಡೆಗೆ ಹೋದಂತೆ ಬಾಗು ಕಡಿಮೆಯಾಗುವ ಆಕಾರ ಕೊಡುತ್ತಾರೆ. ಆಕಾರ ಎಷ್ಟು ಕರಾರುವಾಕ್ಕಾಗಿ ಇರಬೇಕೆಂಬುದಕ್ಕೆ ಹಬಲ್ ದೂರದರ್ಶಕವೇ ಸಾಕ್ಷಿ. 1990ರಲ್ಲಿ ಬಾಹ್ಯಾಕಾಶಕ್ಕೆ ಏರಿದ ಅದರ 2.4 ಮೀಟರ್ ಕನ್ನಡಿಯ ಅಂಚು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಚಿತ್ರಗಳು ಮಸಕಾಗಿ ಬಂದವು, 1993ರಲ್ಲಿ ಗಗನಯಾತ್ರಿಗಳು ಹೋಗಿ ದೋಷ ನೀಗಿಸುವ ಉಪಕರಣ ಕೂಡಿಸಬೇಕಾಯಿತು. ನಮ್ಮ ಉತ್ತರಾಖಂಡದ ದೇವಸ್ಥಲದ ಒಂದು ದೂರದರ್ಶಕದಲ್ಲಿ ಪರವಲಯವನ್ನು ಬೇರೆ ರೀತಿಯಲ್ಲಿ ಪಡೆದಿದ್ದಾರೆ: 4 ಮೀಟರ್ ಅಗಲದ ತಟ್ಟೆಯಲ್ಲಿ ತೆಳುವಾಗಿ ಪಾದರಸ ಹರಡಿ, ಸುಮಾರು 8 ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸುತ್ತಾರೆ, ತಿರುಗುವ ದ್ರವದ ಮೈ ತಾನಾಗಿಯೇ ಪರವಲಯದ ತಗ್ಗಾಗುತ್ತದೆ. ಹಳೆಯ ಎರಡು ತಂತಿಯ ಹೆಡ್‌ಲೈಟ್ ಬಲ್ಬಿನಲ್ಲಿ ಡಿಪ್ ಮಾಡಿದಾಗ ಸಂಗಮದಿಂದ ಮುಂದಿರುವ, ಕೆಳಗೆ ಮರೆ ಇರುವ ಇನ್ನೊಂದು ತಂತಿ ಉರಿಯುತ್ತದೆ. ಅದರ ಬೆಳಕು ಬಟ್ಟಲಿನ ಮೇಲರ್ಧಕ್ಕೆ ಮಾತ್ರ ಬಡಿದು ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಎದುರಿನವನ ಕಣ್ಣು ಉಳಿಯುವುದು ದೀಪದ ಈ ಸಣ್ಣ ಸ್ಥಾನಪಲ್ಲಟದಿಂದ.

ನೀವು ದಾಟಹೊರಟ ಟ್ರ್ಯಾಕ್ಟರಿನ ಹಿಂದೆ ಕೆಂಪು ಬಿಲ್ಲೆ ಇತ್ತೇ? ಅದೂ ಒಂದು ಬಗೆಯ ಕನ್ನಡಿಯೇ. ಎರಡು ಸಮತಲ ಕನ್ನಡಿಗಳನ್ನು ಕಾಟಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ ಕೂಡಿಸಿದರೆ ಒಂದರಿಂದ ಇನ್ನೊಂದಕ್ಕೆ ಬಡಿದ ಕಿರಣ ಬಂದ ದಾರಿಗೆ ಸಮಾಂತರವಾಗಿ ಮರಳುತ್ತದೆ. ಪೆಟ್ಟಿಗೆಯ ಮೂಲೆಯಂತೆ ಮೂರನ್ನು ಕೂಡಿಸಿದರೆ ಬೆಳಕು ಯಾವ ದಿಕ್ಕಿನಿಂದ ಬಂದರೂ ಅದೇ ದಿಕ್ಕಿಗೆ ಮರಳುತ್ತದೆ. ಆ ಬಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಒಳಗೆ ಇಂಥ ನೂರಾರು ಪುಟ್ಟ ಮೂಲೆಗಳು ಕಾಣುತ್ತವೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಇಂಥ 100 ಮೂಲೆಗಳ ಫಲಕವನ್ನು ಚಂದ್ರನ ಮೇಲೆ ಇಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಬೆಳಕು ಅದಕ್ಕೆ ತಾಗಿ ಮರಳುವ ಸಮಯದಿಂದ ಚಂದ್ರನ ದೂರವನ್ನು ಇಂದಿಗೂ ಅಳೆಯುತ್ತಾರೆ. 2023ರಲ್ಲಿ ಚಂದ್ರಯಾನ 3ರ ವಿಕ್ರಮ್ ಕೂಡ ಅಂಥದೊಂದು ಪುಟ್ಟ ಸಾಧನವನ್ನು ಹೊತ್ತು ಇಳಿಯಿತು. ಕಬ್ಬು, ಹತ್ತಿ ಹೇರಿಕೊಂಡು ರಾತ್ರಿ ಹೆದ್ದಾರಿಗೆ ಇಳಿಯುವ ಟ್ರೇಲರಿನ ಹಿಂದೆ ದೀಪ ಇಲ್ಲದಿದ್ದರೂ ಈ ಬಿಲ್ಲೆ ಒರೆಸಿಟ್ಟಂತೆ ಇರಲಿ ಎಂದು ರೈತ ಬಂಧುಗಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಿಂದೆ ಬರುವವನ ಹೆಡ್‌ಲೈಟನ್ನೇ ಅದು ಅವನ ಕಣ್ಣಿಗೆ ಮರಳಿಸುತ್ತದೆ.

ಹಣಿಗೆ ಮತ್ತು ಗಾಲಿ ಒಂದೇ ಮೈಯಲ್ಲಿ ಕೂಡಿದ ಕನ್ನಡಿಯನ್ನು ನೋಡಬೇಕೆಂದರೆ ನಿಮ್ಮ ಜಿಲ್ಲೆಯ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಗೆ ಹೋಗಿ ಬನ್ನಿ, ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಚಾಲುಕ್ಯರ ಕಾಲದ ಶಿಲ್ಪಿಗಳು ಕಡೆದು ನುಣುಪು ಮಾಡಿದ ಅಂಥ ಕಂಬದ ಮೈ, ಬೆಳಕು ಓರೆಯಾಗಿ ಬಿದ್ದಾಗ, ಮಂಕಾದ ಕನ್ನಡಿಯೇ ಆಗಿರುತ್ತದೆ. ನೆಟ್ಟಗಿನ ದುಂಡು ಭಾಗದಲ್ಲಿ ಲಂಬಗಳು ಮೇಲೆ ಕೆಳಗೆ ಹಣಿಗೆಯಂತೆ ಸಮಾಂತರ, ಅಡ್ಡಕ್ಕೆ ಗಾಲಿಯಂತೆ ಅಗಲಿದವು. ಆದ್ದರಿಂದ ಎದುರಿಗೆ ನಿಂತವರು ಉದ್ದದಲ್ಲಿ ಕುಗ್ಗದೆ ಅಗಲದಲ್ಲಿ ಮಾತ್ರ ಸಣಕಲಾಗುತ್ತಾರೆ. ಕಂಬದ ಸುತ್ತ ತಗ್ಗಾಗಿ ಕೊರೆದ ಬಳೆಯಲ್ಲಿ ಮೇಲೆ ಕೆಳಗಿನ ಲಂಬಗಳು ಗಾಲಿಯ ಒಳಮೈಯವಾಗುವುದರಿಂದ ಅದೇ ಆಕೃತಿ ಅಲ್ಲಿ ತಲೆಕೆಳಗಾಗುತ್ತದೆ. ಗುಡಿಗೆ ಹೋಗಲು ಆಗದಿದ್ದರೆ ಹೊಳೆಯುವ ಸ್ಟೀಲ್ ತಂಬಿಗೆ ಸಾಕು. ಅದರ ಉಬ್ಬಿದ ಹೊಟ್ಟೆಯನ್ನೂ ಬಾಗಿದ ಕತ್ತನ್ನೂ ಒಂದಾದ ಮೇಲೊಂದು ನೋಡಿ.

ಕೊನೆಗೆ ಕನ್ನಡಿ ಬದಲಾಯಿಸುವ ಮಾತು. ಬದಲಾಯಿಸಬೇಡಿ. ಸಾದಾ ಕನ್ನಡಿ ಲಾರಿಯ ಗಾತ್ರವನ್ನು ಸರಿಯಾಗಿ ತೋರಿಸೀತು, ಆದರೆ ಪಕ್ಕದ ಪಥದ ಅರ್ಧವನ್ನು ಮರೆಸಿಬಿಡುತ್ತದೆ. ಮನೆಯ ಕನ್ನಡಿಯ ಗಾಜು ಬಿದ್ದಾಗ ಚೂಪಾದ ಚೂರುಗಳಾಗಿ ಒಡೆಯುವುದೂ ಒಂದು ಭಯ. ಅದರ ಬದಲು ನಿಮ್ಮ ಕಣ್ಣನ್ನು ಆ ಕನ್ನಡಿಗೆ ಪಳಗಿಸಿ. ಒಂದು ಭಾನುವಾರ ಬೆಳಿಗ್ಗೆ, ವಾಹನಗಳಿಲ್ಲದ ಬಯಲಿನಲ್ಲಿ ಬೈಕು ನಿಲ್ಲಿಸಿ ಅದರ ಮೇಲೆ ಕುಳಿತುಕೊಳ್ಳಿ. ಮನೆಯವರೊಬ್ಬರು ಇನ್ನೊಂದು ಗಾಡಿಯನ್ನು ಹಿಂದೆ ಹದಿಮೂರು ಹೆಜ್ಜೆ, ಇಪ್ಪತ್ತಾರು ಹೆಜ್ಜೆ, ನಲವತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸುತ್ತ ಬರಲಿ. ಇವು ಸುಮಾರು 10, 20, 30 ಮೀಟರ್ ಆಗುತ್ತವೆ. ಪ್ರತಿ ಸಲವೂ ಮೊದಲು ಕನ್ನಡಿಯಲ್ಲಿ ನೋಡಿ, ದೂರವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಕತ್ತು ತಿರುಗಿಸಿ ನೋಡಿ. ರಸ್ತೆಯ ಮೇಲೂ ಹಾಗೆಯೇ ಮಾಡಿ: ಯಾರಾದರೂ ಬರುತ್ತಿದ್ದಾರೆಯೇ ಎಂದು ಕನ್ನಡಿಯನ್ನು ಕೇಳಿ, ಎಷ್ಟು ಹತ್ತಿರ ಬಂದಿದ್ದಾರೆ ಎಂಬುದನ್ನು ಬಲಭುಜದ ಮೇಲಿಂದ ಒಂದು ಸಲ ಹಿಂತಿರುಗಿ ನೋಡಿಯೇ ತಿಳಿದುಕೊಳ್ಳಿ.